ಬಸವನಗುಡಿ ಬರೀ ‘ಗುಡಿ’ ಆದಾಗ

ಪಾರ್ಶ್ವವಾಯು ಆದ ಕೆಲವರಿಗೆ ಕಣ್ಣು ಸರಿಯಿದ್ದರೂ ಎಡಗಡೆ ಗಮನಕ್ಕೇ ಬರುವುದಿಲ್ಲ ಎಂದು ಈ ತೊಂದರೆಯ ಬಗ್ಗೆ ನಾನು ಓದಿದ ಲೇಖನವೊಂದರಲ್ಲಿದೆ. ನಮ್ಮ ಅಪ್ಪನಿಗೂ ಹಾಗೇ ಆಗಿತ್ತು, ಮೆದುಳಿನ ಬಲಭಾಗಕ್ಕೆ ಪೆಟ್ಟು. ತಟ್ಟೆಯ ಎಡಗಡೆ ಅನ್ನ ಹಾಗೇ ಇರುತ್ತಿತ್ತು, ‘ಇನ್ನೂ ಸ್ವಲ್ಪ ಹಾಕಮ್ಮ’ ಎನ್ನುತ್ತಿದ್ದರು. ತಟ್ಟೆ ತಿರುಗಿಸಿದರೆ ಸುಮ್ನೆ ಊಟ ಮುಗಿಸುತ್ತಿದ್ದರು. ಬಸ್ ಬೋರ್ಡಿನ ‘ಬಸವನಗುಡಿ’ಯನ್ನು ಒಮ್ಮೆ ‘ಗುಡಿ’ ಅಂತ ಓದಿದರು. ನಾವು ನಕ್ಕುಬಿಟ್ಟೆವು, ಈಗ ಬೇಜಾರಾಗುತ್ತದೆ. ಮೊದಲು ಹೋದ ಕಡೆ ಕನ್ನಡಕದ ನಂಬರ್ ಬದಲಿಸಿ ಕಳಿಸಿದ್ದರು!

ಈ ತೊಂದರೆಗೆ ಚಿಕಿತ್ಸೆಯಾಗಿ ಹಾಕಿಸುವ ಪ್ರಿಸಂ ಕನ್ನಡಕದ ಬಗ್ಗೆ ಆ ಲೇಖನದಲ್ಲಿ ಒಂದೇ ಸಾಲು ಇದೆ, ಸಾಲದು. ಅದು ನೋಟವನ್ನು ಸುಮಾರು 10 ಡಿಗ್ರಿ ಬಲಕ್ಕೆ ಸರಿಸುತ್ತದೆ. ಎದುರಿನ ಚುಕ್ಕಿ ಮುಟ್ಟಲು ಹೋದರೆ ಬೆರಳು ಬಲಕ್ಕೆ ತಪ್ಪುತ್ತದೆ. ಹತ್ತಾರು ಸಲ ಮಾಡಿದರೆ ಕೈ ಹೊಂದಿಕೊಳ್ಳುತ್ತದೆ. ಕನ್ನಡಕ ತೆಗೆದಾಗ ಕೈ ಎಡಕ್ಕೆ ವಾಲುತ್ತದೆ, ಬೇಕಿರುವುದೇ ಅದು ಅಲ್ವಾ? 1998ರಲ್ಲಿ ಫ್ರಾನ್ಸಿನ ಸಂಶೋಧಕ ರೊಸೆಟ್ಟಿ ಅವರ ತಂಡ ಇದನ್ನು ತೋರಿಸಿತು. ಆಮೇಲಿನ ಅಧ್ಯಯನಗಳಲ್ಲಿ ಫಲ ಒಂದೇ ಥರ ಬಂದಿಲ್ಲ, ಅದನ್ನೂ ಹೇಳಬೇಕಿತ್ತು.

ಅಪ್ಪನಿಗೆ ಜಾಸ್ತಿ ಉಪಯೋಗವಾದದ್ದು ಕೆಂಪು ಟೇಪ್. ಪೇಪರಿನ ಎಡ ಅಂಚಿಗೆ ಅಂಟಿಸುತ್ತಿದ್ದೆವು. ಕೆಂಪು ಕಾಣುವವರೆಗೆ ತಲೆ ತಿರುಗಿಸಿ, ಆಮೇಲೆ ಸಾಲು ಓದಬೇಕು. ಗಾಂಧಿ ಬಜಾರಿನಲ್ಲಿ ನಡೆಯುವಾಗ ಮಾತ್ರ ಅವರ ಎಡಗಡೆ ಈಗಲೂ ನಾನೇ ಇರುತ್ತೇನೆ.