ಸರ್ವರ್ ಇಲ್ರಿ, ನಾಳೆ ಬರ್ರಿ

ನಮ್ಮ ಧಾರವಾಡದ ಕಡೆ ‘ಸರ್ವರ್’ ಎಂಬ ಶಬ್ದಕ್ಕೆ ಎರಡೇ ಅರ್ಥಗಳಿವೆ. ಒಂದು, ಹೋಟೆಲಿನಲ್ಲಿ ಗಿರ್ಮಿಟ್ಟಿನ ತಟ್ಟೆಯನ್ನು ಸದ್ದು ಮಾಡಿ ಮುಂದಿಟ್ಟು ಹೋಗುವವನು. ಇನ್ನೊಂದು, ಹೊಲದ ಉತಾರ ತೆಗೆಸಲು ಹೋದ ದಿನ ಕಚೇರಿಯಲ್ಲಿ ಇಲ್ಲದಿರುವ ವಸ್ತು. ‘ಸರ್ವರ್ ಇಲ್ರಿ, ನಾಳೆ ಬರ್ರಿ’ ಎಂಬ ಮಾತನ್ನು ವರ್ಷಗಟ್ಟಲೆ ಕೇಳಿದ ಪರಿಣಾಮವಾಗಿ, ಸರ್ವರ್ ಎಂದರೆ ಸದಾ ರಜೆಯ ಮೇಲಿರುವ ಯಾರೋ ದೊಡ್ಡ ಸಾಹೇಬರು ಎಂದು ನಂಬಿರುವ ಹಿರಿಯರೊಬ್ಬರು ನಮ್ಮ ಓಣಿಯಲ್ಲಿಯೇ ಇದ್ದಾರೆ. ಇಂಥ ಊರಿನಲ್ಲಿ ಹೊಸಬರನ್ನು ಒಂದು ಸಾಮಾಜಿಕ ಜಾಲಕ್ಕೆ ಕರೆತರುವ ಹುಮ್ಮಸ್ಸಿನಿಂದ ಹೊರಟ ನಾನು, ಕಂಡಕಂಡವರಿಗೆಲ್ಲ ಹೇಳಿದ ಮೊದಲ ವಾಕ್ಯವೇ ‘ಮೊದಲು ನೀವೊಂದು ಸರ್ವರ್ ಆರಿಸಿಕೊಳ್ಳಬೇಕು’ ಎಂಬುದಾಗಿತ್ತು.

2022ರ ಅಕ್ಟೋಬರ್ ಕೊನೆಯಲ್ಲಿ ಇಲಾನ್ ಮಸ್ಕ್ 4,400 ಕೋಟಿ ಡಾಲರ್ ಕೊಟ್ಟು ಟ್ವಿಟರನ್ನು ಕೊಂಡರು. ಅದಾದ ಎರಡನೆಯ ವಾರದಲ್ಲಿ ನಾನು ಮ್ಯಾಸ್ಟೊಡಾನ್ ಸೇರಿದೆ. ಜರ್ಮನಿಯ ಯುಜೀನ್ ರೋಚ್ಕೊ 2016ರಲ್ಲಿ ಆರಂಭಿಸಿದ ಈ ಜಾಲಕ್ಕೆ, ಆನೆಯನ್ನು ಹೋಲುತ್ತಿದ್ದ, ಎಂದೋ ಅಳಿದುಹೋದ ಪ್ರಾಣಿಯೊಂದರ ಹೆಸರಿದೆ. ಇದು ಒಬ್ಬ ಧಣಿಯ ಸೊತ್ತಲ್ಲ. ಬೇರೆ ಬೇರೆ ಜನ ನಡೆಸುವ ಸಾವಿರಾರು ಸರ್ವರ್‌ಗಳು, ಅಂದರೆ ಸದಸ್ಯರ ಖಾತೆ, ಬರಹಗಳನ್ನು ಇಟ್ಟುಕೊಳ್ಳುವ ಕಂಪ್ಯೂಟರುಗಳು, ಪ್ರತಿಯೊಂದಕ್ಕೂ ಅದರದೇ ನಿಯಮಗಳು. ಆದರೂ ಆ್ಯಕ್ಟಿವಿಟಿಪಬ್ ಎಂಬ ಸಾಮಾನ್ಯ ಕಟ್ಟಳೆಯೊಂದನ್ನು ಎಲ್ಲವೂ ಪಾಲಿಸುವುದರಿಂದ ಒಂದರಲ್ಲಿರುವವರು ಇನ್ನೊಂದರಲ್ಲಿರುವವರೊಡನೆ ಮಾತನಾಡಬಹುದು. ಜಾಹೀರಾತಿಲ್ಲ. ನಮಗೆ ಏನನ್ನು ತೋರಿಸಬೇಕೆಂದು ಗುಟ್ಟಾಗಿ ನಿರ್ಧರಿಸುವ ಗಣಿತವೂ ಇಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನಗೆ ಈ ರಚನೆಯನ್ನು ಕಂಡು ಆದ ಸಂತೋಷ, ಹೊಸದಾಗಿ ದೀಕ್ಷೆ ಪಡೆದವನ ಸಂತೋಷ. ಹೊಸ ವರ್ಷದೊಳಗೆ ಹತ್ತು ಜನರನ್ನಾದರೂ ಕರೆತರುವೆನೆಂದು ಸಂಕಲ್ಪ ಮಾಡಿಬಿಟ್ಟೆ.

ಮೊದಲ ಪ್ರಯೋಗ ನಡೆದದ್ದು ಚಿಗರಿ ಬಸ್ಸಿನಲ್ಲಿ, ಸಹೋದ್ಯೋಗಿಯೊಬ್ಬರ ಮೇಲೆ. ಹುಬ್ಬಳ್ಳಿಯಲ್ಲಿ ಬಸ್ಸು ಬಿಟ್ಟಾಗ ವಿಕೇಂದ್ರೀಕರಣದ ವಿವರಣೆ ಆರಂಭಿಸಿದೆ. ಉಣಕಲ್ ಕೆರೆ ಬರುವಷ್ಟರಲ್ಲಿ ಅವರ ತಲೆ ನನ್ನ ಹೆಗಲ ಮೇಲಿತ್ತು.

ಎರಡನೆಯವರು ಗದಗಿನ ಭಾವ. ಅವರು ಮೂವತ್ತು ವರ್ಷಗಳಿಂದ ಸಹಕಾರ ಸಂಘವೊಂದರ ಲೆಕ್ಕಪತ್ರ ನೋಡಿಕೊಂಡವರಾದ್ದರಿಂದ, ಅವರ ಭಾಷೆಯಲ್ಲಿಯೇ ಹೇಳೋಣವೆಂದು ಉಪಮೆಯೊಂದನ್ನು ಸಿದ್ಧಮಾಡಿಕೊಂಡು ಹೋಗಿದ್ದೆ. ‘ನಿಮ್ಮ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಲಿಲ್ಲವೇ? ಊರೂರಿಗೂ ಒಂದು ಸಂಘ, ಆದರೆ ಎಲ್ಲ ಸಂಘಗಳ ನಡುವೆ ವ್ಯವಹಾರ. ಇದೂ ಹಾಗೆಯೇ’ ಎಂದೆ. ಭಾವ ಕನ್ನಡಕ ಏರಿಸಿಕೊಂಡು ಆಸಕ್ತಿಯಿಂದ ಮುಂದಕ್ಕೆ ಬಾಗಿದರು. ನಾನು ಗೆದ್ದೆನೆಂದುಕೊಂಡೆ.

‘ಹಂಗಾದ್ರ ಆಡಿಟ್ ಯಾರ ಮಾಡ್ತಾರ?’ ಎಂದು ಕೇಳಿದರು.

ಆಡಿಟ್ ಇರುವುದಿಲ್ಲವೆಂದೆ. ಚುನಾವಣೆ ಯಾವಾಗ ಎಂದರು. ಸಾಮಾನ್ಯವಾಗಿ ಚುನಾವಣೆಯೂ ಇರುವುದಿಲ್ಲ, ಹಲವು ಕಡೆ ಯಾರೋ ಒಬ್ಬ ಉತ್ಸಾಹಿ ತನ್ನ ಕೈಯಿಂದ ದುಡ್ಡು ಹಾಕಿಯೋ ಸದಸ್ಯರ ದೇಣಿಗೆಯಿಂದಲೋ ನಡೆಸುತ್ತಾನೆಂದೆ. ‘ಅಂವ ಬೇಜಾರಾಗಿ ಬಾಗಲಾ ಹಾಕಿದ್ರ ನಮ್ಮ ಠೇವಣಿ?’ ಎಂದು ಮೂರನೆಯ ಪ್ರಶ್ನೆ ಬಂತು. ಈ ಜಾಲದ ಬಗ್ಗೆ ನಾನು ಕೇಳಿದ ಪ್ರಶ್ನೆಗಳಲ್ಲೆಲ್ಲ ಅತ್ಯಂತ ಯೋಗ್ಯವಾದ ಪ್ರಶ್ನೆ ಅದೇ ಎಂಬುದು ನನಗೆ ತಿಳಿದದ್ದು ಆಮೇಲೆ; ಅಂದು ಮಾತ್ರ ನಾನು ನಕ್ಕು, ಹಾಗೆಲ್ಲ ಆಗುವುದಿಲ್ಲವೆಂದುಬಿಟ್ಟೆ. ಭಾವ ಸೇರಲಿಲ್ಲ. ಆದರೆ ಫೋನಿನಲ್ಲಿ ಆ ಹೆಸರನ್ನು ಅರೆಬರೆ ಕೇಳಿಸಿಕೊಂಡಿದ್ದ ಅವರು ಅದನ್ನು ‘ಮಾಸ್ತರ ಡಾನ್’ ಎಂದು ತಿಳಿದು, ಬಳಗದಲ್ಲೆಲ್ಲ ನನಗೇ ಆ ಹೆಸರನ್ನು ಇಟ್ಟರು. ಈಗ ಮದುವೆ ಮುಂಜಿಗಳಲ್ಲಿ ನನ್ನ ಸ್ವಂತ ಹೆಸರು ಕೆಲವರಿಗೆ ನೆನಪಿಲ್ಲ.

ಮೂರನೆಯವರು ಸಾಧನಕೇರಿಯ ಕೆರೆಯ ದಂಡೆಯಲ್ಲಿ ಮುಂಜಾನೆ ನನ್ನೊಡನೆ ತಿರುಗಾಡುವ ನಿವೃತ್ತ ಪೋಸ್ಟಮಾಸ್ತರರು. ಮ್ಯಾಸ್ಟೊಡಾನಿನಲ್ಲಿ ವಿಳಾಸಕ್ಕೆ ಎರಡು ಭಾಗಗಳಿರುತ್ತವೆ, ಮೊದಲು ನಮ್ಮ ಹೆಸರು, ಆಮೇಲೆ ಸರ್ವರಿನ ಹೆಸರು, ಹಾಗಾಗಿ ಒಂದೇ ಹೆಸರಿನ ಇಬ್ಬರು ಬೇರೆ ಬೇರೆ ಸರ್ವರ್‌ಗಳಲ್ಲಿ ಇರಬಹುದು ಎಂದು ನಾನಿನ್ನೂ ಹೇಳುತ್ತಿರುವಾಗಲೇ ಅವರು ಕೈಯೆತ್ತಿ ತಡೆದರು. ‘ಪಿನ್ ಕೋಡ್!’ ಎಂದರು. 1972ರಲ್ಲಿ ಪಿನ್ ಕೋಡ್ ಜಾರಿಗೆ ಬಂದಾಗ ಆಗತಾನೇ ಗುಮಾಸ್ತರಾಗಿ ಸೇರಿದ್ದ ಅವರು, ಆ ಆರು ಅಂಕಿಗಳನ್ನು ಬರೆಯಿರೆಂದು ಜನರಿಗೆ ಹೇಳಿ ಹೇಳಿ ಗಂಟಲು ಕಟ್ಟಿಸಿಕೊಂಡ ಕಥೆಯನ್ನು ಎರಡು ಸುತ್ತು ಮುಗಿಯುವವರೆಗೆ ಹೇಳಿದರು. ನಾನು ಕಂಡ ಜನರಲ್ಲಿ ವಿಕೇಂದ್ರೀಕೃತ ಜಾಲವನ್ನು ಒಂದೇ ನಿಮಿಷದಲ್ಲಿ ಗ್ರಹಿಸಿದವರು ಅವರೊಬ್ಬರೇ.

ದುರ್ದೈವದಿಂದ, ನಾನು ಅವರಿಗೆ ಆರಿಸಿಕೊಟ್ಟದ್ದು ‘ನೀವು ಏಕೆ ಸೇರಬಯಸುತ್ತೀರಿ?’ ಎಂದು ಕೇಳಿ, ಉತ್ತರ ಓದಿದ ಮೇಲೆಯೇ ಒಳಗೆ ಬಿಡುವ ಸರ್ವರ್. ಕಿಡಿಗೇಡಿಗಳನ್ನು ಹೊರಗಿಡಲು ಹಲವು ಸಣ್ಣ ಸರ್ವರ್‌ಗಳು ಹೀಗೆ ಮಾಡುತ್ತವೆ; ಒಂದು ಸಾಲು ಬರೆದರೆ ಸಾಕು. ಪೋಸ್ಟಮಾಸ್ತರರು ‘ಇಂದ’, ‘ಗೆ’, ‘ಮಾನ್ಯರೇ’ ಎಂದು ಆರಂಭಿಸಿ, ತಮ್ಮ ಸೇವಾವಧಿಯ ವಿವರಗಳನ್ನು ನೀಡಿ, ‘ತಮ್ಮ ವಿಶ್ವಾಸಿ’ ಎಂದು ಮುಗಿಸಿದ ಅರ್ಜಿಯೊಂದನ್ನು ಅಚ್ಚಗನ್ನಡದಲ್ಲಿ ಸಲ್ಲಿಸಿದರು. ಅದನ್ನು ಓದಬೇಕಾಗಿದ್ದವನು ಯುರೋಪಿನ ಯಾವುದೋ ಊರಿನ ಹುಡುಗ. ನಾಲ್ಕು ದಿನ ಉತ್ತರವಿಲ್ಲ. ಐದನೆಯ ದಿನ ಒಪ್ಪಿಗೆಯ ಇಮೇಲ್ ಬಂದಿತ್ತಾದರೂ ಅದು ಸ್ಪ್ಯಾಮಿನಲ್ಲಿ ಹೋಗಿ ಕುಳಿತಿತ್ತು. ಅದನ್ನು ಹೊರತೆಗೆದುಕೊಟ್ಟ ಮೇಲೆ, ಅವರು ತಾವು ಸೇರಿದ ಸರ್ವರಿನ ಹೆಸರು ಮರೆತು ಬೇರೊಂದರ ಬಾಗಿಲಲ್ಲಿ ಪಾಸ್‌ವರ್ಡ್ ಹಾಕುತ್ತ, ಅದು ತಮ್ಮನ್ನು ಗುರುತಿಸುತ್ತಿಲ್ಲವೆಂದು ಮೂರು ದಿನ ನೊಂದುಕೊಂಡರು. ‘ಪಿನ್ ಕೋಡ್ ತಪ್ಪಿದ್ರ ಹಿಂಗ ಆಗತದ್ರೀ ಸರ, ತಪ್ಪ ನಂದ’ ಎಂದು ಅವರೇ ನನ್ನನ್ನು ಸಮಾಧಾನಪಡಿಸಬೇಕಾಯಿತು. ಮುಂದೆ 2023ರ ಮೇ ತಿಂಗಳಲ್ಲಿ ಮ್ಯಾಸ್ಟೊಡಾನಿನ ಅಧಿಕೃತ ಆ್ಯಪ್, ಹೊಸಬರನ್ನು ಈ ಆಯ್ಕೆಯ ಗೋಜಿಗೆ ಹಾಕದೆ ನೇರವಾಗಿ ಮ್ಯಾಸ್ಟೊಡಾನ್ ಡಾಟ್ ಸೋಶಿಯಲ್ ಎಂಬ ಸರ್ವರಿಗೆ ಸೇರಿಸಿಕೊಳ್ಳುವ ಗುಂಡಿಯೊಂದನ್ನು ಮುಂದಿಟ್ಟಿತು. ಇದು ವಿಕೇಂದ್ರೀಕರಣಕ್ಕೆ ಬಗೆದ ದ್ರೋಹವೆಂದು ಅಂದು ಬಹಳ ಜನ ಸಿಟ್ಟಾದರು. ಪೋಸ್ಟಮಾಸ್ತರರ ಅರ್ಜಿಯನ್ನು ಕಣ್ಣಾರೆ ಕಂಡಿದ್ದ ನನಗೆ ಸಿಟ್ಟು ಬರಲಿಲ್ಲ.

ನನ್ನ ಹೆಂಡತಿ ಸೇರಿದ್ದು ಕರುಣೆಯಿಂದ. ಸೇರಿದ ಮೊದಲ ದಿನ ಅವಳು ಹೋಮ್ ಪುಟ ತೆರೆದು ನೋಡಿದಳು: ಅಲ್ಲಿ ನನ್ನ ಹೊರತು ಯಾರೂ ಇರಲಿಲ್ಲ. ‘ಅಲ್ರೀ, ಇಲ್ಲೆ ಬರೇ ನೀವ ಇದ್ದೀರಿ. ನಿಮ್ಮನ್ನ ನೋಡಾಕ ಮತ್ತ ಫೋನ್ ಯಾಕ ಬೇಕು?’ ಎಂದಳು. ನಾವು ಯಾರನ್ನೂ ಹಿಂಬಾಲಿಸದಿದ್ದರೆ ಈ ಜಾಲ ತಾನಾಗಿ ಯಾರನ್ನೂ ತಂದು ತುಂಬುವುದಿಲ್ಲ, ಅದೇ ಇದರ ಹಿರಿಮೆ ಎಂದು ನಾನು ವಾದಿಸಿದೆ. ಖಾಲಿ ಮನೆಯ ಹಿರಿಮೆ ಅವಳಿಗೆ ಹಿಡಿಸಲಿಲ್ಲ. ಜನ ಬೇಕಿದ್ದರೆ ಬೇರೆ ಸರ್ವರ್‌ಗಳ ಬರಹಗಳೂ ಹರಿದುಬರುವ ಪುಟ ನೋಡೆಂದು ತೋರಿಸಿದರೆ, ಜರ್ಮನ್ ಮತ್ತು ಜಪಾನಿ ಭಾಷೆಗಳ ಪ್ರವಾಹ ನುಗ್ಗಿತು. ಅವಳು ಫೋನನ್ನು ಹಪ್ಪಳದ ಡಬ್ಬಿಯ ಮೇಲೆ ಬೋರಲು ಹಾಕಿ ಒಲೆಯ ಕಡೆಗೆ ಹೋದಳು.

ಜನವರಿಯಲ್ಲಿ ಕೆಂಪು ಹಿಂಡಿ ಕುಟ್ಟಿದ ದಿನ, ಏನೆನ್ನಿಸಿತೋ, ಅದರ ಫೋಟೊ ಹಾಕಿದಳು. ಅಪರಿಚಿತರೊಬ್ಬರು, ಚಿತ್ರಕ್ಕೊಂದು ವಿವರಣೆ ಬರೆಯುವಿರಾ ಎಂದು ವಿನಯದಿಂದ ಕೇಳಿದರು. ‘ಹಿಂಡಿ ಕಾಣೂದಿಲ್ಲೇನು ಇವರಿಗೆ?’ ಎಂದು ಅವಳು ಸಿಡಿದಳು. ನಿಜಕ್ಕೂ ಕಾಣದಿರಬಹುದು, ದೃಷ್ಟಿಯಿಲ್ಲದವರು ಆ ವಿವರಣೆಯನ್ನು ಯಂತ್ರದಿಂದ ಓದಿಸಿಕೊಂಡು ಕೇಳುತ್ತಾರೆ ಎಂದು ಹೇಳಿದಾಗ ಅವಳ ಮುಖ ಸಣ್ಣಗಾಯಿತು. ಒಂದು ಬರಹಕ್ಕೆ 500 ಅಕ್ಷರಗಳ ಮಿತಿಯಿದ್ದರೆ ಚಿತ್ರದ ವಿವರಣೆಗೆ 1,500 ಇವೆ. ಆ ಸಂಜೆ ಅವಳು, ಹಣ್ಣು ಮೆಣಸಿನಕಾಯಿಯ ತೊಟ್ಟು ತೆಗೆಯುವುದರಿಂದ ಹಿಡಿದು ಬೆಳ್ಳುಳ್ಳಿ, ಹುಣಸೆ, ಬೆಲ್ಲ, ಹುರಿದ ಮೆಂತ್ಯ, ಕುಟ್ಟುವಾಗ ಮೂಗಿಗೆ ಅಡರುವ ಘಾಟು, ಇವೆಲ್ಲವನ್ನೂ ಸೇರಿಸಿ ಅಷ್ಟೂ ಜಾಗವನ್ನು ತುಂಬಿಸಿದಳು. ಕನ್ನಡ ಎಂಬ ಹ್ಯಾಶ್‌ಟ್ಯಾಗನ್ನೂ ಹಾಕಿದಳು. ರಾತ್ರಿಯೊಳಗೆ ಆರು ಜನ ಉತ್ತರಿಸಿದ್ದರು. ಅವರಲ್ಲೊಬ್ಬರು ಹಾವೇರಿ ಬಿಟ್ಟು ಬಹಳ ವರ್ಷಗಳಾದವರು. ಅವರಿಗೆ ಅವಳ ಬೆಲ್ಲದ ಪ್ರಮಾಣ ಒಪ್ಪಿಗೆಯಾಗಲಿಲ್ಲ. ಆ ಜಗಳ ಇನ್ನೂ ನಡೆದಿದೆ.

ನನ್ನ ಕಥೆ ಬೇರೆಯಾಯಿತು. ನಾನಿದ್ದ ಸರ್ವರಿನ ಉತ್ಸಾಹಿ, ಭಾವ ಹೇಳಿದಂತೆಯೇ, ಬೇಸರಗೊಂಡ. ಮೂರು ತಿಂಗಳು ಮೊದಲೇ ನೋಟಿಸ್ ಕೊಟ್ಟಿದ್ದನಂತೆ. ಇತರರಿಗೆ ಉಪದೇಶಿಸುವ ಭರದಲ್ಲಿ ನಾನು ಅದನ್ನು ಓದಿರಲಿಲ್ಲ. ಕೊನೆಯ ವಾರದಲ್ಲಿ ಗಾಬರಿಯಿಂದ ಬೇರೆ ಸರ್ವರಿಗೆ ವರ್ಗವಾದೆ. ಹಿಂಬಾಲಕರು ಜೊತೆಗೆ ಬಂದರು, ಬರಹಗಳು ಬರಲಿಲ್ಲ; ಈ ವ್ಯವಸ್ಥೆಯಲ್ಲಿ ಬರುವುದೇ ಇಲ್ಲ. ವಿಕೇಂದ್ರೀಕರಣದ ಪ್ರಯೋಜನಗಳನ್ನು ಕುರಿತು ನಾನು ಬರೆದಿದ್ದ ನಲವತ್ತು ಕಂತುಗಳು ಹೀಗೆ ಹೋದವು. ಪೋಸ್ಟಮಾಸ್ತರರು ‘ಮುಂದಿನ ಟಪಾಲು ರೀಡೈರೆಕ್ಟ್ ಆಗತದ, ಹಳೇದು ಹಳೇ ಮನಿಯಾಗ. ನಿಯಮದ ಪ್ರಕಾರನ ಅದ’ ಎಂದರು. ಭಾವನಿಗೆ ನಾನು ಈ ವಿಷಯ ಹೇಳಿಲ್ಲ.

ಕಳೆದ ತಿಂಗಳು ಪಕ್ಕದ ಮನೆಯ ಅಕ್ಕಾರು ಬಂದಾಗ, ಹೆಂಡತಿ ಅವರ ಫೋನು ಇಸಿದುಕೊಂಡು ಆ್ಯಪ್ ಹಾಕಿ, ತಾನಿರುವ ಸರ್ವರಿನಲ್ಲಿಯೇ ಖಾತೆ ತೆರೆದು, ತನ್ನ ಬಳಗದ ಹದಿನೈದು ಜನರನ್ನು ಹಿಂಬಾಲಿಸುವಂತೆ ಮಾಡಿ ಮರಳಿ ಕೊಟ್ಟಳು. ಸರ್ವರ್ ಎಂಬ ಶಬ್ದ ಒಮ್ಮೆಯೂ ಬರಲಿಲ್ಲ. ‘ಇದರಾಗ ಶೇಂಗಾ ಹೋಳಿಗಿ ಹಾಕಬೌದೇನ್ರೀ?’ ಎಂದು ಅಕ್ಕಾರು ಕೇಳಿದರು. ಹಾಕಬಹುದೆಂದಳು. ‘ಇದು ಯಾರದ್ರೀ? ಮಾಲಕರು ಯಾರು?’ ಎಂದು ಅವರು ಮುಂದೆ ಕೇಳಿದಾಗ, ಆರಾಮ ಕುರ್ಚಿಯಲ್ಲಿದ್ದ ನಾನು ಪೇಪರು ಮಡಚಿ, ಗಂಟಲು ಸರಿಪಡಿಸಿಕೊಂಡೆ.

‘ಚಹಾಕ್ಕ ಹಾಲಿಲ್ಲ, ತಗೊಂಡ ಬರ್ರಿ’ ಎಂದು ಹೆಂಡತಿ ಪಿಶವಿಯನ್ನು ಕೈಗಿತ್ತಳು. ನಾನು ಹಾಲಿಗೆ ಹೋದೆ.