ಎಂಬಿಬಿಎಸ್‌ಗೆ ಎಷ್ಟು ಟನ್ ಕಬ್ಬು?

ನಮ್ಮ ದೊಡ್ಡಪ್ಪನ ಮೊಮ್ಮಗಳಿಗೆ ನೀಟ್‌ನಲ್ಲಿ 310 ಬಂತು, 720ಕ್ಕೆ. ಮನೆಯವರು ರಿಸಲ್ಟ್ ನೋಡುವ ಮೊದಲೇ ಏಜೆಂಟ್ ನೋಡಿದ್ದ ಅನ್ನಿಸುತ್ತದೆ. ದೊಡ್ಡಪ್ಪ ಡೇರಿಗೆ ಹಾಲು ಹಾಕಿ ಬರುವಷ್ಟರಲ್ಲಿ ಫೋನ್ ಬಂದಿತ್ತು. "ಕಂಗ್ರಾಜುಲೇಷನ್ಸ್ ಸಾರ್, ಪಾಪು ಡಾಕ್ಟರ್ ಆಗಿಬಿಟ್ಟಳು ಅಂತಲೇ ತಿಳ್ಕೊಳ್ಳಿ. ಸ್ವಲ್ಪ ಅಡ್ಜಸ್ಟ್‌ಮೆಂಟ್ ಇದೆ ಅಷ್ಟೆ." ಆ ಸ್ವಲ್ಪ ಎಷ್ಟು ಅಂತ ಕೇಳಿದರೆ, ಹಾಸ್ಟೆಲ್ಲು ಗೀಸ್ಟೆಲ್ಲು ಎಲ್ಲ ಸೇರಿ ಒಂದು ಕೋಟಿ.

ಕೋಟಿ ಅಂದರೆ ಮಂಡ್ಯದ ಕಡೆ ಸೊನ್ನೆ ಬರೆದು ತೋರಿಸಿ ಪ್ರಯೋಜನವಿಲ್ಲ. ಟನ್ನಿನಲ್ಲಿ ಹೇಳಬೇಕು. ಹಾಗಾಗಿ ಕಬ್ಬಿನ ತೂಕದ ಚೀಟಿಯ ಹಿಂದೆಯೇ ಲೆಕ್ಕ ಹಾಕಿದೆ. 2025-26ಕ್ಕೆ ಕೇಂದ್ರ ಸರ್ಕಾರ ಗೊತ್ತು ಮಾಡಿದ ಎಫ್‌ಆರ್‌ಪಿ, ಅಂದರೆ ಫ್ಯಾಕ್ಟರಿಯವರು ರೈತನಿಗೆ ಕೊಡಲೇಬೇಕಾದ ಕನಿಷ್ಠ ಬೆಲೆ, ಸಕ್ಕರೆ ಇಳುವರಿ 10.25 ಪರ್ಸೆಂಟ್ ಬಂದರೆ, ಟನ್ನಿಗೆ 3550 ರೂಪಾಯಿ. ಕೋಟಿಗೆ 2817 ಟನ್ ಆಯಿತು. ಎಕರೆಗೆ 40 ಟನ್ ಹಿಡಿದರೂ 70 ಎಕರೆ ಕಬ್ಬು. ದೊಡ್ಡಪ್ಪನಿಗೆ ಇರುವುದು 4 ಎಕರೆ. ಗೊಬ್ಬರ, ಕೂಲಿ, ಕಟಾವು ಯಾವುದಕ್ಕೂ ಪೈಸೆ ಖರ್ಚಿಲ್ಲ, ಮನೆಯವರು ಗಾಳಿ ಕುಡಿದು ಬದುಕುತ್ತಾರೆ, ಕೂಳೆ ಬೆಳೆಯೂ ಮೊದಲನೇ ಬೆಳೆಯಷ್ಟೇ ಬರುತ್ತದೆ ಅಂತೆಲ್ಲ ಅಂದುಕೊಂಡರೂ ಹದಿನೇಳೂವರೆ ವರ್ಷ ಬೇಕು. ಕೋರ್ಸ್ ಇರುವುದು ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಹುಡುಗಿ ಡಾಕ್ಟರಾಗಿ 12 ವರ್ಷವಾದ ಮೇಲೆ ಅವಳ ಕೊನೇ ಕಂತಿನ ಕಬ್ಬು ಕಡಿಯಬಹುದು.

ದೊಡ್ಡಪ್ಪ ದುಡ್ಡಿಗೆ ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. ಅವರಿಗೆ ತಲೆಗೆ ಹತ್ತದೇ ಇದ್ದದ್ದು ಬೇರೆ.

"ಅದೆಂಗ್ಲಾ ಆಯ್ತದೆ? ನನ್ ಕಬ್ಬಲ್ಲಿ ಸಕ್ಕರೆ ಕಮ್ಮಿ ಅಂದ್ರೆ ರೇಟು ಇಳಿಸ್ತರೆ. ಇವ್ಳಿಗೆ ಮಾರ್ಕ್ಸು ಕಮ್ಮಿ ಅಂತ ರೇಟು ಏರಿಸ್ತರಾ? ಯಾವ ಫ್ಯಾಕ್ಟ್ರಿಲಾ ಅದು?"

ನಾನು ಸುಮ್ನಾದೆ. ಯಾಕಂದ್ರೆ ಅದೇ ನಿಜ ಅಲ್ವಾ? ಚೆನ್ನಾಗಿ ಮಾರ್ಕ್ಸ್ ಬಂದವರು ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜು ಮಿಮ್ಸ್‌ಗೋ, 1924ರಲ್ಲಿ ಶುರುವಾದ ಮೈಸೂರು ಮೆಡಿಕಲ್ ಕಾಲೇಜಿಗೋ ಹೋಗಿ ವರ್ಷಕ್ಕೆ ಲಕ್ಷದೊಳಗೆ ಫೀಸ್ ಕಟ್ಟಿ ಓದುತ್ತಾರೆ. ನಮ್ಮ ಲೆಕ್ಕದಲ್ಲಿ ಅದು ಒಂದು ಎಕರೆಗಿಂತ ಕಡಿಮೆ. ಮಾರ್ಕ್ಸ್ ಇಳಿದಷ್ಟೂ ಎಕರೆ ಏರುತ್ತದೆ. ಮೈಸೂರು ಕಾಲೇಜಿನ ಕೆ.ಆರ್. ಆಸ್ಪತ್ರೆಯಲ್ಲಿ ಕಲಿತವರಿಗೂ ಕೋಟಿ ಕೊಟ್ಟು ಕಲಿತವರಿಗೂ ಮನುಷ್ಯನ ಮೈಯಲ್ಲಿ ಸಿಗುವ ಮೂಳೆ ಅದೇ 206. ಕೋಟಿ ಕೊಟ್ಟವರಿಗೆ ನಾಲ್ಕು ಮೂಳೆ ಜಾಸ್ತಿ ತೋರಿಸುವ ಏರ್ಪಾಡು ಇನ್ನೂ ಆಗಿಲ್ಲ.

ಇಳುವರಿ ಎಲ್ಲಿಯವರೆಗೆ ಇಳಿಯಬಹುದು ಅಂತೀರಾ? 2025ರ ನೀಟ್‌ನಲ್ಲಿ ಸಾಮಾನ್ಯ ವರ್ಗದ ಕಟ್ ಆಫ್ 144. ನೂರಕ್ಕೆ 20. ಇದು ಎಂಬಿಬಿಎಸ್ ಕಥೆ. ಅದಾದ ಮೇಲೆ ಓದುವ ಪಿಜಿ ಕಥೆ ಇನ್ನೂ ಚೆನ್ನಾಗಿದೆ. 2023ರಲ್ಲಿ ಪಿಜಿ ಸೀಟುಗಳು ಖಾಲಿ ಉಳಿದವು ಅಂತ ನೀಟ್ ಪಿಜಿ ಕಟ್ ಆಫನ್ನು ಸೊನ್ನೆ ಪರ್ಸೆಂಟೈಲ್‌ಗೆ ಇಳಿಸಿದರು. ಅಂದರೆ ಪರೀಕ್ಷೆ ಹಾಲ್‌ಗೆ ಹೋಗಿ ಕೂತು ಎದ್ದು ಬಂದಿದ್ದರೂ ಸಾಕು, ಮೈನಸ್ ಮಾರ್ಕ್ಸ್ ತೆಗೆದವರೂ ಅರ್ಹರೇ. ಕಬ್ಬಿಗೆ ಬಿಡಿ, ಕಬ್ಬಿನ ಸೋಗೆಗೂ ಯಾವ ಫ್ಯಾಕ್ಟರಿಯೂ ಇಷ್ಟು ಉದಾರವಾಗಿ ಬಾಗಿಲು ತೆಗೆದದ್ದಿಲ್ಲ. ಮೆರಿಟ್ ಮೆರಿಟ್ ಅಂತ ಮೀಸಲಾತಿ ವಿರುದ್ಧ ಗಂಟಲು ಹರಿದುಕೊಳ್ಳುವವರು ಆ ವಾರ ಬಹುಶಃ ಊರಲ್ಲಿರಲಿಲ್ಲ.

ತೂಕದಲ್ಲಿ ಮೋಸ ಅನ್ನೋದು ಕಬ್ಬಿನವರ ಹಳೇ ದೂರು. ಅದೂ ಇಲ್ಲಿ ಇದೆ. ಕಾಲೇಜುಗಳ ಇನ್‌ಸ್ಪೆಕ್ಷನ್ ಯಾವತ್ತು ಅನ್ನೋದು ಮೊದಲೇ ಸೋರಿಕೆಯಾಗುತ್ತಿತ್ತು, ಆ ದಿನಕ್ಕೆ ಅಂತ ಬಾಡಿಗೆ ಪ್ರೊಫೆಸರುಗಳು, ಸುಳ್ಳು ರೋಗಿಗಳು ಬರುತ್ತಿದ್ದರು ಅನ್ನೋ ಆರೋಪದ ಮೇಲೆ 2025ರಲ್ಲಿ ಸಿಬಿಐ ದೊಡ್ಡ ಕೇಸೇ ಹಾಕಿತು. ದೊಡ್ಡಪ್ಪನಿಗೆ ಇದನ್ನು ಹೇಳಿದ್ದೇ ತಪ್ಪಾಯಿತು. ಮಲಗೋಕೆ ದಿನಕ್ಕೆ ಎಷ್ಟು ಕೊಡ್ತಾರಂತೆ, ಊಟ ಅವರದ್ದೇನಾ ಅಂತ ಇವತ್ತಿಗೂ ಕೇಳುತ್ತಿದ್ದಾರೆ.

ಇಷ್ಟೆಲ್ಲ ಸುರಿದು ಹುಡುಗಿ ಡಾಕ್ಟರಾಗಿ ಊರಿಗೆ ಬಂದಳು ಅಂತಲೇ ಇಟ್ಟುಕೊಳ್ಳಿ. ಬೀಗರಾಗೋರು ಜಗುಲಿ ಮೇಲೆ ಕೂತು, ಕಾಫಿ ಕುಡಿದು, ಲೋಟ ಕೆಳಗಿಟ್ಟು ಕೇಳುವ ಮೊದಲ ಮಾತು: "ಬರೀ ಎಂಬಿಬಿಎಸ್ಸಾ?" 70 ಎಕರೆ ಕಬ್ಬು ಆ ಒಂದು 'ಬರೀ'ಯಲ್ಲಿ ಬೆಲ್ಲವೂ ಆಗದೆ ಹೋಗುತ್ತದೆ.

ಸಂಜೆ ಏಜೆಂಟ್ ಮತ್ತೆ ಫೋನ್ ಮಾಡಿದ. ಎರಡೇ ಸೀಟ್ ಉಳಿದಿವೆ ಸಾರ್, ಇವತ್ತೇ 5 ಲಕ್ಷ ಟೋಕನ್ ಹಾಕಿಬಿಡಿ ಅಂದ. ದೊಡ್ಡಪ್ಪ ಸ್ಪೀಕರ್ ಆನ್ ಮಾಡಿ ಡೊನೇಷನ್ನಾ ಅಂತ ಕೇಳಿದರು. ಅವನಿಗೆ ಬೇಜಾರಾಯಿತು. "ಅಯ್ಯೋ, ಡೊನೇಷನ್ ಅನ್ನಬೇಡಿ ಸಾರ್, ಅದು ಕಾನೂನಿಗೆ ವಿರುದ್ಧ. ಇದು ಪ್ಯಾಕೇಜು." ಪಾಪ, ಕಾನೂನು ಗೊತ್ತಿರುವ ಮನುಷ್ಯ. ಕರ್ನಾಟಕದಲ್ಲಿ ಆ ಕಾನೂನು 1984ರಲ್ಲೇ ಬಂದಿದೆ.

"ಕಾನೂನು ನಂಗೂ ಗೊತ್ತು ಕಣಪ್ಪ" ಅಂದರು ದೊಡ್ಡಪ್ಪ. "ಕಬ್ಬು ಹಾಕುದ್ ಮೇಲೆ 14 ದಿನಕ್ಕೆ ಫ್ಯಾಕ್ಟ್ರಿಯೋರು ದುಡ್ಡು ಕೊಡ್ಬೇಕು. ಹೋದ್ ಸಲದ್ದು ಬರ್ಬೇಕು, ಬಂದ ತಕ್ಷಣ ಕೊಡ್ತೀನಿ."

"ಯಾವಾಗ ಬರುತ್ತೆ ಸಾರ್?" ಅಂದ ಅವನು, ಆಸೆಯಿಂದ.

"ಅದ್ಯಾಕೆ ಕಾಯ್ತೀಯ, ನಿನ್ ಲಾರಿ ಕಳ್ಸು. ಕಬ್ಬು ತುಂಬಿ ಕಳುಸ್ತೀನಿ. ಕಟಾವು ಮಾತ್ರ ನಿಂದೇ."

ಫೋನ್ ಕಟ್ ಆಯಿತು. ಐದು ನಿಮಿಷ ಬಿಟ್ಟು ನನ್ನ ನಂಬರಿಗೆ ಬಂತು, "ಸಾರ್, ನಿಮ್ಮ ಮನೇಲಿ ಯಾರಾದ್ರೂ ನೀಟ್ ಬರೆದಿದ್ದಾರಾ?"