‘1905ರ ಬೃಂದಾವನ’ ಎಂಬ ಚಿತ್ರದ ಕುರಿತು ಸ್ಪಷ್ಟನೆ

ಮೈಸೂರಿನ ಹಲವು ವಾಟ್ಸಾಪ್ ಗುಂಪುಗಳಲ್ಲಿ ಈಚೆಗೆ ಹರಿದಾಡುತ್ತಿರುವ ಕಪ್ಪು-ಬಿಳುಪು ಚಿತ್ರವೊಂದಕ್ಕೆ ‘1905ರಲ್ಲಿ ಮೈಸೂರು ನಗರದ ಬೃಂದಾವನ ಪಾರ್ಕ್’ ಎಂಬ ಅಡಿಬರಹವಿದೆ. ಈ ಇಸವಿ ತಪ್ಪು. ಕಾರಂಜಿಗಳ ಸಾಲಿನ ಹಿಂದೆ ಕನ್ನಂಬಾಡಿ ಕಟ್ಟೆಯ ಕಲ್ಲುಗೋಡೆ ಪೂರ್ಣ ಎತ್ತರಕ್ಕೆ ಎದ್ದು ನಿಂತಿರುವುದು ಚಿತ್ರದಲ್ಲೇ ಕಾಣುತ್ತದೆ; ಆ ಅಣೆಕಟ್ಟೆಯ ಕೆಲಸ ಆರಂಭವಾದದ್ದೇ 1911ರಲ್ಲಿ. ಕಟ್ಟೆಯ ಕೆಳಗಿನ ನೆಲವನ್ನು ಮೆಟ್ಟಿಲು ಮೆಟ್ಟಿಲಾಗಿ ಹದಗೊಳಿಸಿ ತೋಟ ರೂಪಿಸುವ ಕಾರ್ಯವು, ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದಾಗ, 1927ರಲ್ಲಿ ಶುರುವಾಗಿ 1932ರ ವೇಳೆಗೆ ಮುಗಿಯಿತು. ಹೀಗಾಗಿ ಚಿತ್ರವು 1927ಕ್ಕಿಂತ ಹಳೆಯದಾಗಿರಲು ಸಾಧ್ಯವೇ ಇಲ್ಲ. ಉದ್ಯಾನವಿರುವುದೂ ಮೈಸೂರು ನಗರದಲ್ಲಲ್ಲ, ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ. ಹಳೆಯ ಚಿತ್ರಗಳು ನಮ್ಮ ನಾಡಿನ ದಾಖಲೆಗಳಾದ್ದರಿಂದ, ಇದನ್ನು ಹಂಚಿಕೊಂಡವರು ದಯವಿಟ್ಟು ಅಡಿಬರಹ ತಿದ್ದಿ ಅದೇ ಗುಂಪುಗಳಿಗೆ ಮತ್ತೊಮ್ಮೆ ಕಳಿಸಬೇಕೆಂದು ಕೋರುತ್ತೇನೆ.